ಕಂಪನಿ ಕೇಳುತ್ತಿದೆ, ಪ್ರಿನ್ಸಿಪಾಲರು ಅವಸರ ಮಾಡುತ್ತಿದ್ದಾರೆ: ನಮ್ಮ ಕನ್ನಡ ರೆಕಾರ್ಡಿಂಗ್ ಕೊಡಬಹುದಾ?

ಕೋಟೆನಾಡು

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಕೆಲಸದ ಜೊತೆಗೇ ಪಿಎಚ್‌ಡಿ ನಡೆಯುತ್ತಿದೆ. ವಿಷಯ, ಕನ್ನಡ ಮಾತನ್ನು ಕಂಪ್ಯೂಟರ್‌ನಿಂದ ಬರಹಕ್ಕೆ ಇಳಿಸುವುದು.

ಕಳೆದ ಎರಡು ಬೇಸಿಗೆಯಲ್ಲಿ ನಾನು ಮತ್ತು ನಾಲ್ಕು ಜನ ವಿದ್ಯಾರ್ಥಿಗಳು ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಗೆ ಹೋಗಿ ರೈತರ ಮಾತು ರೆಕಾರ್ಡ್ ಮಾಡಿದೆವು. ಮಳೆ, ಬೀಜ, ಸಾಲ, ಶೇಂಗಾ ರೇಟು, ಅವರಿಗೆ ಏನು ಹೇಳಬೇಕು ಅನ್ನಿಸಿತೋ ಅದು. ಒಟ್ಟು 41 ಗಂಟೆ ಆಗಿದೆ. ಅದರಲ್ಲಿ 23 ಗಂಟೆಯ ಮಾತನ್ನು ಕೂತು ಕೇಳಿ, ಬರೆದು ಮುಗಿಸಿದ್ದೇವೆ. ಈಗ ಸಿಗುವ ಸಾಫ್ಟ್‌ವೇರ್‌ಗಳಿಗೆ ನಮ್ಮ ಕಡೆಯ ಮಾತು ಸರಿಯಾಗಿ ಸಿಗುವುದಿಲ್ಲ. ಒಬ್ಬ ಹಿರಿಯರು 'ಶೇಂಗಾ ಹರಗಿ ಬಂದ್ವಿ' ಅಂದರೆ ಅದು 'ಹೊರಗೆ ಬಂದ್ವಿ' ಅಂತ ಬರೆಯಿತು. ಹರಗುವುದು ಅಂದರೆ ಕುಂಟೆ ಹೊಡೆಯುವುದು. ಕುಂಟೆ ಹೊಡೆದ ದಿನವೆಲ್ಲ ಒಂದೇ ಪದದಲ್ಲಿ ಮಾಯವಾಯಿತು.

ಎರಡು ತಿಂಗಳ ಹಿಂದೆ ಬೆಂಗಳೂರಿನ ಒಂದು ಕಾನ್ಫರೆನ್ಸ್‌ನಲ್ಲಿ ನಮ್ಮ ಪೋಸ್ಟರ್ ಇತ್ತು. ಒಂದು ದೊಡ್ಡ ಟೆಕ್ ಕಂಪನಿಯ ಸಂಶೋಧಕರು ಅರ್ಧ ಗಂಟೆ ನಿಂತು ಕೇಳಿದರು. ಆಮೇಲೆ ಮೇಲ್ ಬಂತು, ಜೊತೆಯಾಗಿ ಏನಾದರೂ ಮಾಡೋಣ ಅಂತ. ಈಗ ಅವರ ಲೀಗಲ್ ವಿಭಾಗದಿಂದ 14 ಪುಟದ ಒಪ್ಪಂದದ ಕರಡು ಬಂದಿದೆ. ನಮ್ಮ ಪ್ರಿನ್ಸಿಪಾಲರಿಗೆ ತುಂಬಾ ಖುಷಿ. ಕಾಲೇಜಿನ ಗುಣಮಟ್ಟ ನೋಡುವ ನ್ಯಾಕ್ ತಂಡ ಬರುವ ಮೊದಲೇ ಎಂಒಯು, ಅಂದರೆ ಎರಡು ಸಂಸ್ಥೆಗಳ ಒಡಂಬಡಿಕೆ, ಆಗಿಬಿಡಲಿ, ಸಹಿ ಮಾಡುವ ಫೋಟೋ ಇರಲಿ ಅನ್ನುತ್ತಿದ್ದಾರೆ.

ನನಗೆ ಭಯ ಆಗುತ್ತಿದೆ. ಈ ಕಂಪನಿಗಳಲ್ಲಿ ಸಂಶೋಧನೆ ಹೇಗೆ ನಡೆಯುತ್ತದೆ? ಐಐಎಸ್‌ಸಿ, ಐಐಟಿಗಳ ಜೊತೆ ಅವರು ಹೇಗೆ ಕೆಲಸ ಮಾಡುತ್ತಾರೆ? ನಮ್ಮಂಥ ಚಿಕ್ಕ ಕಾಲೇಜಿನಿಂದ ಅವರಿಗೆ ಬೇಕಾದದ್ದಾದರೂ ಏನು? 41 ಗಂಟೆ ಕೊಟ್ಟುಬಿಟ್ಟರೆ ಆಮೇಲೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ತೆಂಗಿನತೋಟ

ಮೇಡಂ, ನಾನು ತಿಪಟೂರು ಕಡೆಯವನು. ಬಿ.ಇ. ಮುಗಿಸಿ ಬೆಂಗಳೂರಿನ ಒಂದು ಕಂಪನಿಯ ರಿಸರ್ಚ್ ಲ್ಯಾಬ್‌ನಲ್ಲಿ ಎರಡು ವರ್ಷ ರಿಸರ್ಚ್ ಫೆಲೋ ಆಗಿದ್ದೆ. ಈಗ ಪಿಎಚ್‌ಡಿ ಮಾಡುತ್ತಿದ್ದೇನೆ. ಒಳಗಿನಿಂದ ಕಂಡದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಯಾಕಂದರೆ ನಿಮ್ಮ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

ಮೊದಲು ಒಂದು ಮಾತು. ಎಂಒಯುನಿಂದ ಸಂಶೋಧನೆ ಹುಟ್ಟುವುದನ್ನು ನಾನು ಒಂದು ಸಲವೂ ನೋಡಲಿಲ್ಲ. ಹುಟ್ಟುವುದು ಇಬ್ಬರ ನಡುವೆ. ನಮ್ಮ ಲ್ಯಾಬ್‌ಗೆ ಪ್ರತಿ ಗುರುವಾರ ಮಧ್ಯಾಹ್ನ ಒಬ್ಬರು ಪ್ರೊಫೆಸರ್ ಆಟೋದಲ್ಲಿ ಬರುತ್ತಿದ್ದರು. ನನ್ನ ಮೆಂಟರ್ ಮತ್ತು ಅವರು ಬೋರ್ಡ್ ಮುಂದೆ ಎರಡು ಗಂಟೆ ನಿಲ್ಲುತ್ತಿದ್ದರು. ಅವರ ವಿದ್ಯಾರ್ಥಿನಿ ಒಬ್ಬಳು ವಾರಕ್ಕೆ ಮೂರು ದಿನ ಲ್ಯಾಬ್‌ನಲ್ಲಿ, ಎರಡು ದಿನ ಕ್ಯಾಂಪಸ್‌ನಲ್ಲಿ ಇರುತ್ತಿದ್ದಳು. ಅಲ್ಲಿ ಸಿಕ್ಕಿಬಿದ್ದ ಲೆಕ್ಕವನ್ನು ಇಲ್ಲಿಗೆ ತರುತ್ತಿದ್ದಳು. ಇಲ್ಲಿ ಸೋತ ಪ್ರಯೋಗವನ್ನು ಅಲ್ಲಿಗೆ ಒಯ್ಯುತ್ತಿದ್ದಳು. ಎರಡು ಸಂಸ್ಥೆಗಳ ನಡುವೆ ನಿಜವಾಗಿ ಓಡಾಡುತ್ತಿದ್ದದ್ದು ಅವಳೊಬ್ಬಳೇ. ಪೇಪರ್‌ನಲ್ಲಿ ಅವಳ ಹೆಸರೇ ಮೊದಲು ಬಂತು. ಆದ್ದರಿಂದ ಕರಡು ಓದುವ ಮೊದಲು ನಿಮ್ಮ ಕಡೆಯಿಂದ ಆ ಓಡಾಟ ಮಾಡುವ ವಿದ್ಯಾರ್ಥಿ ಯಾರು ಅಂತ ಯೋಚಿಸಿ.

ಇನ್ನು ಕಂಪನಿಯಲ್ಲಿ ಸಂಶೋಧನೆ ಹೇಗೆ ನಡೆಯುತ್ತದೆ ಅಂದಿರಿ. ದೊಡ್ಡದಾಗಿ ಎರಡು ಬಗೆ ಇದೆ. 1991ರಲ್ಲಿ ಮೈಕ್ರೋಸಾಫ್ಟ್ ತನ್ನ ರಿಸರ್ಚ್ ವಿಭಾಗ ಶುರು ಮಾಡಿದಾಗ ಅದನ್ನು ಕಟ್ಟಲು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ ರಿಕ್ ರಶೀದ್ ಅವರನ್ನು ಕರೆತಂದಿತು. ಅವರು ಅದನ್ನು ವಿಶ್ವವಿದ್ಯಾಲಯದ ಡಿಪಾರ್ಟ್‌ಮೆಂಟ್ ಥರವೇ ಕಟ್ಟಿದರು. 2005ರ ಜನವರಿಯಲ್ಲಿ ಬೆಂಗಳೂರಿನ ಲ್ಯಾಬ್ ಶುರುವಾಯಿತು, ಪಿ. ಆನಂದನ್ ಮೊದಲ ಮುಖ್ಯಸ್ಥರು. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಬೇಗ ಪರೀಕ್ಷಿಸುವ ದಾರಿಯನ್ನು 2002ರಲ್ಲಿ ಕಾನ್ಪುರದ ಐಐಟಿಯಲ್ಲಿ ಮೂವರು ಕಂಡುಹಿಡಿದರಲ್ಲ, ಅವರಲ್ಲಿ ಒಬ್ಬರಾದ ನೀರಜ್ ಕಯಾಲ್ ಮುಂದೆ ಈ ಲ್ಯಾಬ್ ಸೇರಿದರು. ಅಂಥ ಗಣಿತದಿಂದ ಕಂಪನಿಗೆ ನಾಳೆಯೇ ಲಾಭ ಬರುವುದಿಲ್ಲ. ಅದೇ ಲ್ಯಾಬ್‌ನಲ್ಲಿ 2006ರಲ್ಲಿ ಶುರುವಾದ ಇನ್ನೊಂದು ಕೆಲಸ ಡಿಜಿಟಲ್ ಗ್ರೀನ್. ರೈತರೇ ರೈತರಿಗೆ ತೋರಿಸುವ ಚಿಕ್ಕ ವಿಡಿಯೋಗಳು. 2008ರಲ್ಲಿ ಅದು ಬೇರೆ ಸಂಸ್ಥೆಯಾಗಿ ಹೊರಗೆ ಬಂತು. ಈ ಬಗೆಯ ಲ್ಯಾಬ್‌ನಲ್ಲಿ ಸಂಶೋಧಕ ತನ್ನ ಪ್ರಶ್ನೆಯನ್ನು ತಾನೇ ಆರಿಸಿಕೊಳ್ಳುತ್ತಾನೆ.

ಗೂಗಲ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಆಲ್ಫ್ರೆಡ್ ಸ್ಪೆಕ್ಟರ್, ಪೀಟರ್ ನಾರ್ವಿಗ್, ಸ್ಲಾವ್ ಪೆಟ್ರೋವ್ ಮೂವರೂ 2012ರಲ್ಲಿ ಒಂದು ಲೇಖನದಲ್ಲಿ ಇದನ್ನು ಬಿಡಿಸಿ ಬರೆದರು. ಸಂಶೋಧನೆಯನ್ನು ಬೇರೆ ಕಟ್ಟಡದಲ್ಲಿ ಕೂರಿಸುವುದಿಲ್ಲ, ಪ್ರಾಡಕ್ಟ್ ಮಾಡುವವರ ಪಕ್ಕದಲ್ಲೇ ಇಡುತ್ತೇವೆ ಅನ್ನುವುದು ಅದರ ಸಾರ. ಬರೆಯುವ ಕೋಡ್ ನೇರವಾಗಿ ಜನರ ಕೈಗೆ ಹೋಗಬೇಕು. ಇದರಲ್ಲಿ ತಪ್ಪೇನೂ ಇಲ್ಲ, ಕೆಲಸ ಬೇಗ ಮುಟ್ಟುತ್ತದೆ. ಆದರೆ ನಿಮ್ಮ ಮಟ್ಟಿಗೆ ಎರಡಕ್ಕೂ ಅಜಗಜಾಂತರ. ಮೇಲ್ ಬರೆದವರಿಗೆ ನೇರವಾಗಿ ಕೇಳಿ: 'ಸರ್, ಇದು ಪೇಪರ್ ಆಗುತ್ತದಾ, ಪ್ರಾಡಕ್ಟ್‌ಗೆ ಹೋಗುತ್ತದಾ, ಎರಡೂನಾ?' ಒಳ್ಳೆಯ ಸಂಶೋಧಕರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಅವರಿಗೆ ನಮ್ಮಿಂದ ಏನು ಬೇಕು? ಮೊದಲನೆಯದು ಜನ. ಐಬಿಎಂ 1998ರಲ್ಲಿ ತನ್ನ ಭಾರತದ ಸಂಶೋಧನಾ ಲ್ಯಾಬನ್ನು ದೆಹಲಿ ಐಐಟಿಯ ಕ್ಯಾಂಪಸ್ ಒಳಗೇ ತೆರೆಯಿತು. ಬುದ್ಧಿವಂತ ಹುಡುಗರು ಓಡಾಡುವ ಜಾಗದಲ್ಲೇ ಬಾಗಿಲು ಇಡಬೇಕು ಅಂತ. ಜನ ಆ ಕಡೆಯಿಂದ ಈ ಕಡೆಗೂ ಬರುತ್ತಾರೆ. ಮಿತೇಶ್ ಖಾಪ್ರಾ ಐಬಿಎಂ ಸಂಶೋಧನೆಯಿಂದ ಮದ್ರಾಸ್ ಐಐಟಿಗೆ ಬಂದವರು. ಈಗ ನಮ್ಮ ಭಾಷೆಗಳ ಅನುವಾದಕ್ಕೆ, ಮಾತಿಗೆ ನಾವೆಲ್ಲ ಬಳಸುವ ಎಐ4ಭಾರತ್ ಅವರು ಮತ್ತು ಅವರ ಗೆಳೆಯರು ಕಟ್ಟಿದ್ದು. ಮಾಡಿದ್ದನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ.

ಎರಡನೆಯದು, ತಮ್ಮ ಮೇಜಿನಿಂದ ಕಾಣದ ಪ್ರಶ್ನೆಗಳು. 'ಹರಗಿ' ಯಾಕೆ 'ಹೊರಗೆ' ಆಯಿತು ಅನ್ನುವುದು ಅವರಿಗೆ ಕಾಣುವುದಿಲ್ಲ, ನಿಮಗೆ ಕಂಡಿದೆ. ಇದನ್ನು ಚಿಕ್ಕದು ಅಂದುಕೊಳ್ಳಬೇಡಿ, ದಯವಿಟ್ಟು.

ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಹೇಳುತ್ತೇನೆ. ಮುಂಬೈನಲ್ಲಿ ಆರ್ಮನ್ ಅನ್ನುವ ಸಂಸ್ಥೆ ಇದೆ. ಬಸುರಿಯರಿಗೆ, ಬಾಣಂತಿಯರಿಗೆ ಫೋನ್‌ನಲ್ಲಿ ಆರೋಗ್ಯದ ಮಾತು ಕೇಳಿಸುತ್ತಾರೆ. ಸ್ವಲ್ಪ ದಿನ ಕಳೆದಮೇಲೆ ಎಷ್ಟೋ ತಾಯಂದಿರು ಆ ಕರೆ ಕೇಳುವುದನ್ನು ಬಿಡುತ್ತಿದ್ದರು. ಕಾರ್ಯಕರ್ತೆಯರು ತಾವೇ ಫೋನ್ ಮಾಡಿ ಮಾತಾಡಿಸಿದರೆ ಮತ್ತೆ ಕೇಳುತ್ತಾರೆ. ಆದರೆ ಎಲ್ಲರಿಗೂ ಫೋನ್ ಮಾಡುವಷ್ಟು ಕೈಗಳಿಲ್ಲ. ಈ ವಾರ ಯಾರಿಗೆ ಮಾಡಬೇಕು? ಇದು ಆ ಸಂಸ್ಥೆಯ ಪ್ರಶ್ನೆ. ಗೂಗಲ್‌ನ ಬೆಂಗಳೂರು ಲ್ಯಾಬ್, ಮದ್ರಾಸ್ ಐಐಟಿಯ ಬಿ. ರವೀಂದ್ರನ್, ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ದುಕೊಂಡೇ ಆ ಲ್ಯಾಬ್‌ನಲ್ಲೂ ಇದ್ದ ಮಿಲಿಂದ್ ತಾಂಬೆ, ಎಲ್ಲರೂ ಸೇರಿದರು. ಸುಮಾರು 23 ಸಾವಿರ ತಾಯಂದಿರ ಮೇಲೆ ಏಳು ವಾರ ಪರೀಕ್ಷೆ ಮಾಡಿದರು. ಯಾರಿಗೆ ಫೋನ್ ಮಾಡಬೇಕೆಂದು ಲೆಕ್ಕ ಹಾಕಿ ಆರಿಸಿದಾಗ, ಕೇಳುವುದನ್ನು ಬಿಡುವುದು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ಅವರ ಪೇಪರ್‌ನಲ್ಲಿ ಇನ್ನೊಂದು ಸಾಲಿದೆ. ಡೇಟಾ ಆರ್ಮನ್‌ದು, ಹಂಚಿಕೊಳ್ಳುವ ಹಕ್ಕು ಅವರಿಗೆ ಮಾತ್ರ. ಈ ಸಾಲನ್ನು ನಿಮ್ಮ ಪ್ರಿನ್ಸಿಪಾಲರಿಗೆ ತೋರಿಸಿ.

ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರದ್ದು 'ವಾಣಿ'. ಐಐಎಸ್‌ಸಿ ಮತ್ತು ಗೂಗಲ್ ಸೇರಿ ಮಾಡುತ್ತಿರುವುದು. ದೇಶದ 773 ಜಿಲ್ಲೆಗಳಿಂದ ಜನರ ಮಾತು ಕೂಡಿಸುವುದು ಗುರಿ, ಒಟ್ಟು ಒಂದೂವರೆ ಲಕ್ಷ ಗಂಟೆಗೂ ಜಾಸ್ತಿ. ಒಂದು ಚಿತ್ರ ತೋರಿಸಿ 'ಇದರಲ್ಲಿ ಏನು ಕಾಣುತ್ತದೆ, ಹೇಳಿ' ಅನ್ನುತ್ತಾರೆ. ಪುಸ್ತಕದ ಕನ್ನಡ ಬದಲು ಮನೆಯ ಕನ್ನಡ ಬರಲಿ ಅಂತ ಈ ಉಪಾಯ. ಕೂಡಿಸಿದ್ದನ್ನು ಹಂತ ಹಂತವಾಗಿ ಎಲ್ಲರಿಗೂ ತೆರೆದಿಡುತ್ತಿದ್ದಾರೆ. ಅಷ್ಟು ದೊಡ್ಡ ಕಂಪನಿ ಅಷ್ಟು ದೊಡ್ಡ ಸಂಗ್ರಹಕ್ಕೆ ಹಣ ಹಾಕಿ ತೆರೆದಿಡಬಹುದು ಅಂದಮೇಲೆ, ನಿಮ್ಮ 41 ಗಂಟೆ ತಮಗೊಬ್ಬರಿಗೇ ಬೇಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಕೊನೆಗೆ ನನ್ನದೇ ಒಂದು ಅನುಭವ. ಲ್ಯಾಬ್‌ನ ಕೆಲಸಕ್ಕೆ ನಮ್ಮೂರ ಪಕ್ಕದ ಹಳ್ಳಿಗೆ ರೆಕಾರ್ಡ್ ಮಾಡಲು ಹೋಗಿದ್ದೆ. ಒಬ್ಬ ಅಜ್ಜಿ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಮುಕ್ಕಾಲು ಗಂಟೆ ಮಾತಾಡಿದರು. ನನ್ನ ಕೈಯಲ್ಲಿದ್ದ ಒಪ್ಪಿಗೆಯ ಫಾರಂ ಇಂಗ್ಲಿಷಿನಲ್ಲಿತ್ತು. ಜೊತೆಗೊಂದು ಇಂಕ್ ಪ್ಯಾಡ್. ಅಜ್ಜಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು, ಒತ್ತುವ ಮೊದಲು ಕೇಳಿದರು: 'ನನ್ ಮಾತು ಇಟ್ಕೊಂಡು ಏನ್ ಮಾಡ್ತೀಯಪ್ಪ? ನಾನು ಹೋದ್ಮೇಲೂ ಇದು ಮಾತಾಡ್ತದಾ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಫಾರಂನಲ್ಲೂ ಇರಲಿಲ್ಲ. ಆ ಹೆಬ್ಬೆಟ್ಟು ನಾನು ಒತ್ತಿಸಿಕೊಳ್ಳಲಿಲ್ಲ. ಬೆರಳು ಒರೆಸಿಕೊಳ್ಳಲು ಅಜ್ಜಿಗೆ ನನ್ನ ಕರ್ಚೀಫು ಕೊಟ್ಟು ಎದ್ದು ಬಂದೆ. ಮೆಂಟರ್‌ಗೆ ಹೇಳಿದೆ. ಅವರು ಒಂದು ದಿನ ಯೋಚಿಸಿ, ಅಲ್ಲಿವರೆಗೆ ಮಾಡಿದ್ದ ಆರು ಗಂಟೆಯ ರೆಕಾರ್ಡಿಂಗ್ ಅಳಿಸಿಹಾಕಿದರು. ಕನ್ನಡದಲ್ಲಿ ಓದಿ ಹೇಳುವ, ಬಾಯಿಮಾತಿನಲ್ಲಿ ಒಪ್ಪಿಗೆ ಪಡೆಯುವ ಕ್ರಮ ಮಾಡಿ ಮತ್ತೆ ಶುರು ಮಾಡಿದೆವು.

ಮೇಡಂ, ನಿಮ್ಮ ರೈತರು ಯಾವುದಕ್ಕೆ ಒಪ್ಪಿದ್ದರು? ಕಾಲೇಜಿನ ಓದಿಗೋ, ಕಂಪನಿಗೂ ಕೊಡಬಹುದು ಅಂತಲೋ? ನನಗೆ ಅದೇ ಮೊದಲ ಪ್ರಶ್ನೆ.

ನಿವೃತ್ತ ಮೇಷ್ಟ್ರು

ಮೇಲಿನ ಹುಡುಗ ಹೇಳಿದ್ದು ಸರಿ. ನಾನು ಒಂದು ವಿಶ್ವವಿದ್ಯಾಲಯದಲ್ಲಿ ಹನ್ನೊಂದು ವರ್ಷ ಕಂಪನಿಗಳ ಪ್ರಾಜೆಕ್ಟ್ ಕಾಗದಪತ್ರ ನೋಡಿಕೊಂಡವನು. ಕರಡಿನ ಬಗ್ಗೆ ಮಾತ್ರ ಹೇಳುತ್ತೇನಮ್ಮ.

ಹಣ ಎರಡು ರೂಪದಲ್ಲಿ ಬರುತ್ತದೆ. ಒಂದು ಕೊಡುಗೆ. ಗೂಗಲ್‌ನ ರಿಸರ್ಚ್ ಸ್ಕಾಲರ್ ಕಾರ್ಯಕ್ರಮ ಇದಕ್ಕೆ ಉದಾಹರಣೆ. ವೃತ್ತಿಯ ಶುರುವಿನಲ್ಲಿರುವ ಪ್ರೊಫೆಸರ್‌ಗಳಿಗೆ 60 ಸಾವಿರ ಡಾಲರ್‌ವರೆಗೆ, ಷರತ್ತಿಲ್ಲದ ಕೊಡುಗೆಯಾಗಿ ಸಂಸ್ಥೆಗೆ ಬರುತ್ತದೆ. ಅದರಿಂದ ಹುಟ್ಟಿದ್ದು ಕಂಪನಿಯ ಸ್ವತ್ತಾಗುವುದಿಲ್ಲ. ಇನ್ನೊಂದು ಕರಾರು. ಇಷ್ಟು ಹಣ, ಇಷ್ಟು ಕೆಲಸ, ಇಂಥ ದಿನಕ್ಕೆ. ನಿಮಗೆ ಬಂದ 14 ಪುಟ ಎರಡನೆಯದೇ ಇರಬೇಕು. ಕಣ್ಣು ಮುಚ್ಚಿ ಸಹಿ ಹಾಕಬೇಡಿ.

ಕರಡಿನಲ್ಲಿ 'ಮೊದಲಿನಿಂದ ಇದ್ದದ್ದು' ಮತ್ತು 'ಈ ಕೆಲಸದಿಂದ ಹುಟ್ಟಿದ್ದು' ಅಂತ ಎರಡು ಭಾಗ ಇರುತ್ತದೆ. ನಿಮ್ಮ 41 ಗಂಟೆಯನ್ನು ಮೊದಲಿನದ್ದರಲ್ಲಿ ಹೆಸರು ಹಿಡಿದು, ಗಂಟೆ ಲೆಕ್ಕ ಹಾಕಿ, ತಾರೀಖು ಸಮೇತ ಬರೆಸಿ. ಬರೆಸದಿದ್ದರೆ ಮುಂದೆ ಯಾವುದು ಯಾರದ್ದು ಅಂತ ಬೇರ್ಪಡಿಸಲು ಆಗುವುದಿಲ್ಲ. ಕೊಡುವುದಿದ್ದರೆ ಬಳಸುವ ಅನುಮತಿ ಮಾತ್ರ ಕೊಡಿ. ಅವರೊಬ್ಬರಿಗೇ ಅನ್ನುವ ಪದ ಎಲ್ಲೇ ಇದ್ದರೂ ಹೊಡೆದುಹಾಕಿಸಿ.

ಈ ಅನುಮತಿಯ ಬೆಲೆ ಎಷ್ಟು ಅನ್ನುವುದಕ್ಕೆ ಸ್ಟ್ಯಾನ್‌ಫರ್ಡ್ ನೋಡಿ. ಗೂಗಲ್ ಕಟ್ಟಿದವರಲ್ಲಿ ಒಬ್ಬರಾದ ಲ್ಯಾರಿ ಪೇಜ್ ಅಲ್ಲಿ ವಿದ್ಯಾರ್ಥಿಯಾಗಿದ್ದಾಗ, ಹುಡುಕಿದಾಗ ಯಾವ ಪುಟ ಮೊದಲು ಬರಬೇಕು ಅಂತ ಲೆಕ್ಕ ಹಾಕಲು ಮಾಡಿದ ಪೇಜ್‌ರ‍್ಯಾಂಕ್ ಪೇಟೆಂಟ್ ಗೂಗಲ್‌ನದ್ದಾಗಿರಲಿಲ್ಲ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು. ಬಳಸಲು ಬಿಟ್ಟಿದ್ದಕ್ಕೆ ವಿಶ್ವವಿದ್ಯಾಲಯ 18 ಲಕ್ಷ ಷೇರು ಪಡೆಯಿತು. ಅವನ್ನು ಮಾರಿದಾಗ ಬಂದದ್ದು 33.6 ಕೋಟಿ ಡಾಲರ್. ಎಲ್ಲರಿಗೂ ಹಾಗೆ ಆಗುವುದಿಲ್ಲ, ಗೊತ್ತು. ಆದರೆ ಅಲ್ಲಿ ಕಾಗದ ಸರಿಯಾಗಿತ್ತು.

ಇನ್ನೊಂದು, ಪ್ರಕಟಣೆಯ ಕಲಂ. ಪೇಪರ್ ಕಳಿಸುವ ಮೊದಲು ಕಂಪನಿ ಓದಿ ನೋಡಲು ಸಾಮಾನ್ಯವಾಗಿ 30ರಿಂದ 60 ದಿನ ಕೇಳುತ್ತದೆ. ಅದು ನ್ಯಾಯ. 'ಒಪ್ಪಿಗೆ ಸಿಕ್ಕಮೇಲೆ' ಅಂತ ಇದ್ದರೆ ಒಪ್ಪಬೇಡಿ. ಒಂದು ಕಂಪನಿಯ ಪ್ರಾಜೆಕ್ಟ್‌ನಲ್ಲಿ ನಮ್ಮ ಹುಡುಗಿಯೊಬ್ಬಳ ಥೀಸಿಸ್ ಪೇಟೆಂಟ್ ಅರ್ಜಿಗೆ ಕಾಯುತ್ತಾ ಏಳು ತಿಂಗಳು ನನ್ನ ಕಪಾಟಿನಲ್ಲಿ ಕೂತಿತ್ತು. ಅವಳಿಗೆ ಹೊರದೇಶದಲ್ಲಿ ಸಿಕ್ಕಿದ್ದ ಜಾಗ ಕೈಬಿಟ್ಟು ಹೋಯಿತು. ಕರಾರಿಗೆ ಸಹಿ ಹಾಕಿಸಿದವನು ನಾನು. ಆ ನೀಲಿ ರಟ್ಟಿನ ಥೀಸಿಸ್ ಈಗಲೂ ಕಣ್ಣಮುಂದೆ ಬರುತ್ತದೆ. ಥೀಸಿಸ್ ತಡೆಯುವ ಹಕ್ಕು ಯಾರಿಗೂ ಇಲ್ಲ ಅಂತ ಒಂದು ಸಾಲು ಬೇರೆಯಾಗಿಯೇ ಹಾಕಿಸಿ. ನೀವೂ ಪಿಎಚ್‌ಡಿ ವಿದ್ಯಾರ್ಥಿನಿಯೇ ಅಲ್ವಾ?

ಸಾಂತಾಕ್ಲಾರಾ ಕನ್ನಡಿಗ

ನಾನು ಇಲ್ಲಿ ಅಮೆರಿಕದಲ್ಲಿ ಒಂದು ಕಂಪನಿಯ ಸಂಶೋಧನಾ ತಂಡದಲ್ಲಿದ್ದೇನೆ. ಚಿಕ್ಕದಾಗಿ ಎರಡು ಮಾತು.

ಕಂಪನಿಯಲ್ಲಿ ಜನ ಬದಲಾಗುತ್ತಾರೆ, ತಂಡ ಬದಲಾಗುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಸಿಲಿಕಾನ್ ವ್ಯಾಲಿ ಲ್ಯಾಬನ್ನೇ ಮುಚ್ಚಿತು. ಕಂಪ್ಯೂಟರ್ ಸೈನ್ಸ್‌ನ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು ಹಿಂದಿನ ವರ್ಷಕ್ಕೆ ಪಡೆದ ಲೆಸ್ಲಿ ಲ್ಯಾಂಪೋರ್ಟ್ ಇದ್ದ ಲ್ಯಾಬ್ ಅದು. ಹಾಗಾಗಿ ನಿಮಗೆ ಮೇಲ್ ಬರೆದವರು ಎಷ್ಟೇ ಒಳ್ಳೆಯವರಾದರೂ ಅವರು ನಾಳೆ ಅಲ್ಲಿ ಇಲ್ಲದಿದ್ದರೆ ಏನು ಅಂತ ಯೋಚಿಸಿಯೇ ಮುಂದೆ ಹೋಗಿ. ರೆಕಾರ್ಡಿಂಗ್‌ನ ಮೂಲ ಪ್ರತಿ ನಿಮ್ಮ ಕಾಲೇಜಿನ ಡಿಸ್ಕ್‌ನಲ್ಲೇ ಇರಲಿ. ನಿಮ್ಮ ರೆಕಾರ್ಡಿಂಗ್‌ನಿಂದ ಅವರ ಕಂಪ್ಯೂಟರ್‌ಗಳಲ್ಲಿ ಟ್ರೇನ್ ಮಾಡಿದ ಮಾಡೆಲ್, ಅಂದರೆ ಮಾತನ್ನು ಬರಹಕ್ಕೆ ಇಳಿಸಲು ಕಲಿತ ಪ್ರೋಗ್ರಾಂ, ಅದರ ಒಂದು ಪ್ರತಿ ನಿಮಗೂ ಸಿಗಬೇಕು ಅಂತ ಈಗಲೇ ಕೇಳಿ. ಕ್ಲೌಡ್ ಕ್ರೆಡಿಟ್, ಅಂದರೆ ಅವರ ಕಂಪ್ಯೂಟರ್‌ಗಳನ್ನು ಇಂಟರ್ನೆಟ್ ಮೂಲಕ ಹಣ ಕೊಡದೆ ಬಳಸುವ ಅವಕಾಶ, ಕೊಟ್ಟರೆ ಅದು ಮುಗಿಯುವ ತಾರೀಖು ಮೊದಲೇ ನೋಡಿಕೊಳ್ಳಿ. ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕೇಳಲು ಸಂಕೋಚ ಬೇಡ. ನಾನು ಈ ಕೆಲಸಕ್ಕೆ ಬಂದದ್ದೇ ಅಂಥ ಒಂದು ಬೇಸಿಗೆಯ ಇಂಟರ್ನ್‌ಶಿಪ್‌ನಿಂದ.

ಕೋಟೆನಾಡು

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಎಲ್ಲವನ್ನೂ ಎರಡು ಸಲ ಓದಿದೆ.

ಕರಡು ತೆಗೆದು ನೋಡಿದೆ. ಪ್ರಕಟಣೆಗೆ 60 ದಿನ ಅಂತ ಇದೆ, ಅದು ಪರವಾಗಿಲ್ಲ. ಆದರೆ ನಾವು ಕೊಡುವ 'ಎಲ್ಲ ಸಾಮಗ್ರಿ'ಯೂ ಪ್ರಾಜೆಕ್ಟ್‌ನ ಫಲ ಅಂತ ಒಂದು ಸಾಲಿದೆ. ನಮ್ಮ 41 ಗಂಟೆಯ ಹೆಸರು ಎಲ್ಲೂ ಇಲ್ಲ. ಪ್ರಿನ್ಸಿಪಾಲರಿಗೆ ಆರ್ಮನ್ ಉದಾಹರಣೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನ್ಯಾಕ್‌ಗೆ ಬೇರೆ ಏನಾದರೂ ತೋರಿಸೋಣ, ಇದನ್ನು ಸರಿಯಾಗಿಯೇ ಮಾಡಿ' ಅಂದರು. ನನಗೆ ಕಣ್ಣು ತುಂಬಿ ಬಂತು.

ಸಂಶೋಧಕರಿಗೂ ಫೋನ್ ಮಾಡಿ ಕೇಳಿದೆ. ಪೇಪರ್ ಮೊದಲು, ಪ್ರಾಡಕ್ಟ್ ಆಮೇಲೆ ನೋಡೋಣ ಅಂದರು. ಡೇಟಾ ತೆರೆದಿಡುವುದಕ್ಕೆ ತಮ್ಮ ಕಡೆಯಿಂದ ಅಡ್ಡಿಯಿಲ್ಲ, ಲೀಗಲ್‌ನವರ ಹತ್ತಿರ ತಾವೇ ಮಾತಾಡುತ್ತೇನೆ ಅಂದರು. ಓಡಾಡುವ ವಿದ್ಯಾರ್ಥಿಯೂ ಸಿಕ್ಕಿದ್ದಾಳೆ. ಮೊಳಕಾಲ್ಮೂರಿನ ಹುಡುಗಿ, ಅರ್ಧಕ್ಕರ್ಧ ರೆಕಾರ್ಡಿಂಗ್ ಅವಳೇ ಬರೆದದ್ದು.

ಒಪ್ಪಿಗೆಯ ವಿಷಯದಲ್ಲಿ ಮಾತ್ರ ನನ್ನದು ತಪ್ಪಾಗಿದೆ. ನಾವು 'ಕಾಲೇಜಿನ ಓದಿಗೆ' ಅಂತ ಮಾತ್ರ ಕೇಳಿದ್ದೆವು. ಒಟ್ಟು 67 ಜನ. ಭಾನುವಾರದಿಂದ ಮತ್ತೆ ಎಲ್ಲರ ಮನೆಗೂ ಹೋಗುತ್ತೇವೆ. 'ಹರಗಿ' ಅಂದ ಹಿರಿಯರ ಮನೆಗೇ ಮೊದಲು. ಬೇಡ ಅಂದವರ ಮಾತನ್ನು ತೆಗೆದುಬಿಡುತ್ತೇವೆ, ಎಷ್ಟು ಗಂಟೆ ಹೋದರೂ ಸರಿ. ಓದಿ ಹೇಳಲು ಐದು ಸಾಲು ಬರೆದಿದ್ದೇನೆ. ತಪ್ಪಿದ್ದರೆ ಹೇಳಿ:

'ನೀವು ಮಾತಾಡಿದ್ದನ್ನು ನಾವು ರೆಕಾರ್ಡ್ ಮಾಡಿದ್ದೇವೆ. ನಿಮ್ಮ ದತ್ತಾಂಶವನ್ನು ಕಾಲೇಜು ಮತ್ತು ಒಂದು ಕಂಪನಿ ಬಳಸುತ್ತವೆ. ಕಂಪ್ಯೂಟರ್‌ಗೆ ನಮ್ಮ ಕಡೆಯ ಕನ್ನಡ ಕಲಿಸಲು. ಬೇರೆಯವರೂ ಕೇಳಬಹುದು, ನಿಮ್ಮ ಹೆಸರು ಇರುವುದಿಲ್ಲ. ಬೇಡ ಅನ್ನಿಸಿದರೆ ಈಗಲೇ ಹೇಳಬಹುದು, ಮುಂದೆಯೂ ಈ ನಂಬರಿಗೆ ಫೋನ್ ಮಾಡಿ ಹೇಳಬಹುದು.'

ತೆಂಗಿನತೋಟ

ಚೆನ್ನಾಗಿದೆ ಮೇಡಂ. ಎರಡನೇ ಸಾಲಿನ 'ದತ್ತಾಂಶ' ತೆಗೆದು 'ಮಾತು' ಅಂತ ಮಾಡಿ. ಕಂಪನಿಯ ಹೆಸರನ್ನೂ ಹೇಳಿಬಿಡಿ, ಅವರು ಖಂಡಿತ ಕೇಳುತ್ತಾರೆ. ಮತ್ತೆ, ಮುಂದೆ ಬೇಡ ಅಂದರೆ ಆಗಲೇ ತೆರೆದಿಟ್ಟದ್ದನ್ನು ಪೂರ್ತಿ ವಾಪಸ್ ತರುವುದು ಕಷ್ಟ. ಅದನ್ನೂ ಮುಚ್ಚಿಡದೆ ಹೇಳಿ. ಭಾನುವಾರ ನಾನು ಊರಿನಲ್ಲೇ ಇರುತ್ತೇನೆ. ಬೆಳಿಗ್ಗೆ ಬೇಗ ಬಸ್ ಹತ್ತಿದರೆ ಹಿರಿಯೂರಿಗೆ ಬಂದು ಸೇರಬಹುದು. 67 ಮನೆಗೆ ಇನ್ನೊಂದು ಜೊತೆ ಕಾಲು ಬೇಕಾದರೆ ಹೇಳಿ.